ಕಾಣೆಯಾದವನ ಲಿಂಕು, ಅಧ್ಯಕ್ಷರ ಮುಖ

ಆ ಹೆಂಗಸು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಒಂದು ಗೃಹಪ್ರವೇಶದ ಪತ್ರಿಕೆಯಲ್ಲಿ 'ಆಗಮನಾಭಿಲಾಷಿಗಳು' ಅನ್ನುವ ಪದವನ್ನು ಒಂದೇ ಸಾಲಿನಲ್ಲಿ ಕೂರಿಸಲಾಗದೆ ಒದ್ದಾಡುತ್ತಿದ್ದೆ. ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಮಹಡಿಯ ಮೇಲೆ ನನ್ನ ಡಿಟಿಪಿ ಅಂಗಡಿ. ಎರಡು ಸಾವಿರದ ಒಂಬತ್ತನೇ ಇಸವಿ. ಲಗ್ನಪತ್ರಿಕೆ, ಕರಪತ್ರ, ಕಾಲೇಜು ಮಕ್ಕಳ ಪ್ರಾಜೆಕ್ಟು, ಇವುಗಳ ಜೊತೆಗೆ ಒಂದು ವೆಬ್‌ಸೈಟಿನ ಉಸ್ತುವಾರಿಯೂ ನನ್ನ ತಲೆಗೆ ಬಿದ್ದಿತ್ತು. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಿಂದ ಹೊರಗೆ ಹೋಗಿ ನೆಲೆಸಿದವರು ಕಟ್ಟಿಕೊಂಡಿದ್ದ ಸಂಘದ ವೆಬ್‌ಸೈಟು ಅದು.

ಹೆಂಗಸು ಕಳಲೆ ಪಕ್ಕದ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿ. ಐವತ್ತರ ಹತ್ತಿರದ ವಯಸ್ಸು. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿಂದ ಪೊಲೀಸ್ ಕಂಪ್ಲೇಂಟಿನ ನಕಲು, ಒಂದು ಮದುವೆ ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

"ಕಂಪ್ಯೂಟರ್‌ಗೆ ಆಕುದ್ರೆ ದೇಸೆಲ್ಲಾ ಕಾಣ್ತದಂತಲ್ಲ ಮೇಡಮ್ಮಾ. ನಮ್ ತಮ್ಮನ್ ಫೋಟೋ ಒಸಿ ಆಕ್ಕೊಡೀರಾ?"

ತಮ್ಮನಿಗೆ ನಲವತ್ತೆರಡು. ಮೂರು ವರ್ಷದ ಹಿಂದೆ ಲಾರಿಯಿಂದ ಮೂಟೆ ಇಳಿಸುವಾಗ ಬಿದ್ದು ತಲೆಗೆ ಪೆಟ್ಟಾಗಿತ್ತು. ಅಲ್ಲಿಂದ ಮಾತು ತೊದಲು, ಆಗಾಗ ಮೂರ್ಛೆ. ಊರ ಹೆಸರು ಕೇಳಿದರೆ ಒಂದು ದಿನ ಹೇಳುತ್ತಾನೆ, ಒಂದು ದಿನ ನಕ್ಕು ಸುಮ್ಮನಾಗುತ್ತಾನೆ. ಅಕ್ಕನ ಜೊತೆ ನಂಜನಗೂಡಿಗೆ ಬಂದವನು, ಅವಳು ಔಷಧಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಯಾವುದೋ ಬಸ್ಸು ಹತ್ತಿ ಹೋಗಿಬಿಟ್ಟಿದ್ದ.

"ಎಷ್ಟು ದಿನ ಆಯ್ತಮ್ಮ?"

"ಅನ್ನೊಂದು ದಿನ. ಮಾತ್ರೆ ನನ್ ಕೈಲೇ ಉಳ್ಕತು ಕಣವ್ವಾ. ಒಂದು ದಿನಾನೂ ತಪ್ಪಿಸ್ಬಾರ್ದು ಅಂದಿದ್ರು ಡಾಕ್ಟ್ರು."

ಸಂಘದ ಸದಸ್ಯರು ಹಾಸನ, ತುಮಕೂರು, ಹುಬ್ಬಳ್ಳಿ ಎಲ್ಲ ಕಡೆ ಇದ್ದರು. ನಮ್ಮ ಕಡೆಯವರೇ ಆದ್ದರಿಂದ ನೋಡಿದರೆ ಗುರುತು ಹಿಡಿದಾರು ಅನ್ನಿಸಿತು. ಯಾರನ್ನೂ ಕೇಳದೆ ಒಪ್ಪಿಕೊಂಡೆ. ಮಧ್ಯಾಹ್ನ ಕರೆಂಟು ಬಂದ ಮೇಲೆ ಫೋಟೋ ಸ್ಕ್ಯಾನ್ ಮಾಡಿ, ಮದುವೆ ಗಂಡಿನ ಹಿಂದೆ ನಿಂತಿದ್ದ ಅವನನ್ನು ಬೇರೆ ಮಾಡಿ, 'ಕಾಣೆಯಾಗಿದ್ದಾರೆ' ಎಂದು ದಪ್ಪ ಅಕ್ಷರದ ತಲೆಬರಹ ಕೊಟ್ಟು, ಎತ್ತರ, ಮೈಬಣ್ಣ, ಉಟ್ಟಿದ್ದ ಬಟ್ಟೆ, ಹುಬ್ಬಿನ ಮೇಲಿನ ಗಾಯದ ಗುರುತು, ಅಕ್ಕನ ಮೊಬೈಲ್ ನಂಬರು ಎಲ್ಲ ಬರೆದು ಪುಟ ಹಾಕಿದೆ. ನನ್ನ ಪರದೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಕಂಡಿತು.

ಗೆಳೆಯರೆಲ್ಲ ಒಂದು ಕಡೆ ಸೇರಿ ಫೋಟೋ, ಮಾತುಕತೆ ಹಂಚಿಕೊಳ್ಳುವ ತಾಣಗಳು ಆಗಷ್ಟೇ ನಮ್ಮ ಕಡೆಗೂ ಬಂದಿದ್ದವು. ನನಗೆ ಅದರ ಗೊಡವೆ ಇರಲಿಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದ ನನ್ನ ಗೆಳತಿಗೆ ಅಲ್ಲಿ ಮುನ್ನೂರು ನಾನೂರು ಜನ ಪರಿಚಯ. ಅವಳಿಗೆ ಫೋನ್ ಮಾಡಿ ಪುಟದ ಲಿಂಕು ಕೊಟ್ಟೆ. ಅವಳು ಮೇಲೆ 'ಕಾಣೆಯಾಗಿದ್ದಾರೆ, ಕಂಡವರು ದಯವಿಟ್ಟು ತಿಳಿಸಿ, ಎಲ್ಲರಿಗೂ ಹಂಚಿ' ಎಂದು ಬರೆದು ಲಿಂಕು ಅಂಟಿಸಿ, ಕ್ಲಾಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅವಳ ಫೋನು.

"ಲೇ, ನಿಮ್ಮ ಅಧ್ಯಕ್ಷರು ಕಾಣೆಯಾಗಿದ್ದಾರೇನೇ?"

"ಯಾವ ಅಧ್ಯಕ್ಷರು?"

"ನೀನೇ ನೋಡು ಹೋಗು. ನಂಗೆ ನಗು ಬರ್ತಿದೆ, ಭಯಾನೂ ಆಗ್ತಿದೆ."

ಕೆಳಗಿನ ಸೈಬರ್ ಸೆಂಟರಿಗೆ ಓಡಿದೆ. ಗೆಳತಿಯ ಖಾತೆಯನ್ನು ಅವಳದೇ ಪಾಸ್‌ವರ್ಡಿನಿಂದ ತೆರೆದು ನೋಡಿದರೆ, 'ಕಾಣೆಯಾಗಿದ್ದಾರೆ' ಅನ್ನುವ ಅವಳ ಸಾಲಿನ ಕೆಳಗೆ, ಸಣ್ಣ ಚೌಕಟ್ಟಿನಲ್ಲಿ, ಕೈ ಮುಗಿದು ನಗುತ್ತಿದ್ದವರು ಸಾಕ್ಷಾತ್ ನಮ್ಮ ಸಂಘದ ಅಧ್ಯಕ್ಷರು. ಪಕ್ಕದಲ್ಲಿ ತಲೆಬರಹ ಇರಬೇಕಾದ ಕಡೆ 'ಅನ್‌ಟೈಟಲ್ಡ್ ಡಾಕ್ಯುಮೆಂಟ್', ಅಂದರೆ ಹೆಸರಿಲ್ಲದ ಕಡತ. ಅದರ ಕೆಳಗೆ ವಿವರದ ಜಾಗದಲ್ಲಿ ಕೊಕ್ಕೆ, ಸೊನ್ನೆ, ಸೊಟ್ಟ ಗೆರೆ. ಕೋಳಿ ಕೆದಕಿದ ಹಾಗೆ ಎರಡು ಸಾಲು. ಇದನ್ನು ಆಗಲೇ ಇಪ್ಪತ್ತಕ್ಕೂ ಹೆಚ್ಚು ಜನ ತಮ್ಮ ತಮ್ಮ ಗೆಳೆಯರಿಗೆ ಹಂಚಿದ್ದರು. 'ದೇವರು ಕಾಪಾಡಲಿ', 'ತುಂಬಾ ಒಳ್ಳೆ ಮನುಷ್ಯ' ಎಂದು ಕೆಳಗೆ ಬರೆದಿದ್ದರು. ಒಳಗೆ ಹೋಗಿ ಪುಟ ತೆರೆದು ನೋಡಿದವರು ಒಬ್ಬರೂ ಇದ್ದಂತಿರಲಿಲ್ಲ.

ನಾನು ಮೆಟ್ಟಿಲು ಹತ್ತಿ ವಾಪಸ್ಸು ಬರುವಷ್ಟರಲ್ಲಿ ಅಧ್ಯಕ್ಷರದೇ ಫೋನು. ಅವರು ನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದವರು.

"ಏನಮ್ಮಾ ಇದು, ನಾನು ಗಿರಣೀಲಿ ಕೂತಿವ್ನಿ ಕಣಮ್ಮಾ! ಬೆಳಗಿಂದ ಎಂಟು ಫೋನು. ನಮ್ಮ ಬೀಗ್ರು ಮಂಡ್ಯದಿಂದ ಕಾರು ಮಾಡ್ಕೊಂಡು ಹೊರಟುಬುಟ್ಟವ್ರೆ. ಮನೇಲಿ ಇವ್ಳು ನನ್ ಮುಖ ನೋಡ್ಕೊಂಡೇ ಅಳ್ತಾ ಕೂತವ್ಳೆ, ನಿಮಗೇನೋ ಆಗ್ತದೆ ಅಂತ. ಮೊದ್ಲು ಅದನ್ನ ತೆಗಿ."

ತೆಗೆಯುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಆದರೆ ತೆಗೆಯುವುದು ಏನನ್ನು? ನನ್ನ ಪುಟದಲ್ಲಿ ತಪ್ಪು ಫೋಟೋ ಇರಲಿಲ್ಲ. ತಪ್ಪು ಇದ್ದದ್ದು ಆ ಸಣ್ಣ ಚೌಕಟ್ಟಿನಲ್ಲಿ; ಅದು ನನ್ನ ಕೈಯಲ್ಲಿ ಇರಲಿಲ್ಲ.

ಅವತ್ತು ಬೇರೆ ಕೆಲಸವೆಲ್ಲ ಪಕ್ಕಕ್ಕಿಟ್ಟು ಪುಟದ ಕೋಡು, ಅಂದರೆ ಪುಟದ ಹಿಂದಿರುವ ಕಂಪ್ಯೂಟರ್ ಬರಹ, ಬಿಚ್ಚಿಕೊಂಡು ಕೂತೆ. ಗೆಳತಿ ಫೋನಿನಲ್ಲಿ, ನಾನು ಪರದೆಯ ಮುಂದೆ. ಲಿಂಕು ಅಂಟಿಸಿದ ತಕ್ಷಣ ಆ ತಾಣ ನಮ್ಮ ಪುಟಕ್ಕೆ ಬಂದು ಮೂರು ವಸ್ತು ಎತ್ತಿಕೊಂಡು ಹೋಗುತ್ತದೆ ಅನ್ನುವುದು ನಿಧಾನವಾಗಿ ಅರ್ಥವಾಯಿತು. ಒಂದು ತಲೆಬರಹ, ಎರಡು ಸಾಲು ವಿವರ, ಒಂದು ಚಿತ್ರ. ನಾನು ದಪ್ಪ ಅಕ್ಷರದಲ್ಲಿ ಬರೆದ ತಲೆಬರಹ ಅದಕ್ಕೆ ಲೆಕ್ಕಕ್ಕಿಲ್ಲ. ಕೋಡಿನ ಮೇಲುಭಾಗದಲ್ಲಿ, ನೋಡುವವರ ಕಣ್ಣಿಗೆ ಬೀಳದ ಹಾಗೆ ಒಂದು ತಲೆಬರಹ ಇರುತ್ತದೆ, ಅದು ಬೇಕು. ಅದನ್ನು ಯಾರೂ ಯಾವತ್ತೂ ತುಂಬಿರಲಿಲ್ಲ. ಚಿತ್ರ ಅಂದರೆ ಪುಟದಲ್ಲಿ ಮೊದಲು ಸಿಕ್ಕಿದ ಚಿತ್ರ. ನಮ್ಮ ಸಂಘದ ಪ್ರತಿ ಪುಟದ ನೆತ್ತಿಯ ಮೇಲೂ ಮೊದಲು ಸಿಗುವವರು ಅಧ್ಯಕ್ಷರೇ.

ಅಕ್ಷರದ ಗೋಳು ಇನ್ನೊಂದು. ನಾವು ಡಿಟಿಪಿಯವರು ಬಳಸುತ್ತಿದ್ದ ಹಳೆಯ ಕನ್ನಡ ಫಾಂಟು ನಿಜವಾಗಿ ಕನ್ನಡವೇ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಇರುತ್ತವೆ; ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ವೇಷ ನನ್ನ ಅಂಗಡಿಯಲ್ಲಿದೆ, ಆ ತಾಣದಲ್ಲಿಲ್ಲ. ಹತ್ತು ವರ್ಷ ನಾನು ಹೊಡೆದ ಕನ್ನಡವೆಲ್ಲ ಹೊರಗಿನವರ ಕಣ್ಣಿಗೆ ಕೋಳಿ ಕಾಲಿನ ಗುರುತು ಅಂತ ಅವತ್ತು ಗೊತ್ತಾಯಿತು.

ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡಿನಲ್ಲಿ ಪುಟ ಮತ್ತೆ ಹೊಡೆದೆ. ಅಡಗಿದ್ದ ತಲೆಬರಹ ತುಂಬಿದೆ. ಅಧ್ಯಕ್ಷರಿಗಿಂತ ಮೊದಲು ಬರುವ ಹಾಗೆ ತಮ್ಮನ ಫೋಟೋವನ್ನು ಮೇಲೆ ತಂದೆ. ಪುಟವನ್ನು ಇಂಟರ್‌ನೆಟ್ಟಿಗೆ ಏರಿಸುವಾಗ ಕರೆಂಟು ಹೋಯಿತು. ಯುಪಿಎಸ್ಸು ಕಾಲು ಗಂಟೆ ಬರುತ್ತಿತ್ತು. ಇಂಟರ್‌ನೆಟ್ಟು ಅಷ್ಟರಲ್ಲಿ ಅರ್ಧ ಕಡತ ಕಳಿಸಿ ನಿಂತುಬಿಟ್ಟಿತು. ಎರಡು ಗಂಟೆ ಕಾದು ಮತ್ತೆ ಏರಿಸಿ, ಗೆಳತಿಗೆ "ಈಗ ಅಂಟಿಸು" ಅಂದೆ.

"ಅಂಟಿಸಿದೆ."

"ಏನು ಕಾಣ್ತಿದೆ?"

"ಅಧ್ಯಕ್ಷರು."

"ಸರಿಯಾಗಿ ನೋಡೇ!"

"ಎಷ್ಟು ಸರಿಯಾಗಿ ನೋಡಿದ್ರೂ ಅವರೇ ಕಣೇ. ಕೈ ಮುಗಿದಿದ್ದಾರೆ."

ಕೋಡು ಮತ್ತೆ ನೋಡಿದೆ. ಸರಿಯಾಗಿದೆ. ಪುಟ ತೆರೆದು ನೋಡಿದೆ. ಸರಿಯಾಗಿದೆ. ಮತ್ತೆ ಏರಿಸಿದೆ. ಮತ್ತೆ ಅಧ್ಯಕ್ಷರು. ಸಂಜೆಯ ತನಕ ಏಳೆಂಟು ಸಲ ಇದೇ ಆಯಿತು. ಕೀಬೋರ್ಡು ಎತ್ತಿ ಕಿಟಕಿಯಿಂದ ಹೊರಗೆ ಎಸೆಯಬೇಕು ಅನ್ನಿಸಿದ್ದು ನನ್ನ ಜೀವನದಲ್ಲಿ ಅವತ್ತೊಂದೇ ದಿನ. ಕೊನೆಗೆ ಗೆಳತಿಯೇ ತನ್ನ ಕಾಲೇಜಿನ ಲ್ಯಾಬಿನವರನ್ನು ಕೇಳಿಕೊಂಡು ಬಂದು ಹೇಳಿದಳು. ಆ ತಾಣ ಒಂದು ಸಲ ನೋಡಿದ ಪುಟವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ನಾವು ಪುಟ ಬದಲಿಸಿದರೂ ಮತ್ತೆ ಬಂದು ನೋಡುವ ತೊಂದರೆ ತೆಗೆದುಕೊಳ್ಳುವುದಿಲ್ಲ, ಹಳೆಯದನ್ನೇ ತೋರಿಸುತ್ತದೆ. ಎಷ್ಟು ದಿನ ಅಂತ ಯಾರಿಗೂ ಗೊತ್ತಿಲ್ಲ. ಉಪಾಯ ಒಂದೇ. ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಅಂಕಿ ಸೇರಿಸಿದರೆ ಅದು ಹೊಸ ಪುಟ ಅಂದುಕೊಂಡು ಮತ್ತೆ ಬಂದು ನೋಡುತ್ತದೆ.

ಪ್ರಶ್ನೆಚಿಹ್ನೆ, ಅದರ ಪಕ್ಕ ಒಂದು ಅನ್ನುವ ಅಂಕಿ ಸೇರಿಸಿ ಅಂಟಿಸಿದಳು. ಅಧ್ಯಕ್ಷರು ಹೋದರು. ಅವರ ಜಾಗದಲ್ಲಿ ಒಂದು ಅಂಗಿ ಬಂತು.

ಬರೀ ಅಂಗಿ. ನಾನು ಕತ್ತರಿಸಿಕೊಂಡಿದ್ದ ಫೋಟೋ ತಲೆಯಿಂದ ಸೊಂಟದವರೆಗೆ ಉದ್ದಕ್ಕಿತ್ತು. ಚೌಕಟ್ಟು ನಡುವಿನ ಭಾಗ ಮಾತ್ರ ಇಟ್ಟುಕೊಂಡು ತಲೆ ಹಾರಿಸಿತ್ತು. ಫೋಟೋ ಮತ್ತೆ ಮತ್ತೆ ಕತ್ತರಿಸಿ, ಪ್ರಶ್ನೆಚಿಹ್ನೆ ಎರಡು, ಮೂರು, ನಾಲ್ಕು. ಐದನೆಯದಕ್ಕೆ ಮುಖ ಬಂತು. ಆದರೆ ಮದುವೆ ಫೋಟೋದಲ್ಲಿ ಅವನ ಮುಖ ಇದ್ದದ್ದೇ ಕಡಲೆಕಾಳಿನಷ್ಟು. ದೊಡ್ಡದು ಮಾಡಿದಾಗ ಮಸುಕು. ಯಾರು ಬೇಕಾದರೂ ಆಗಿರಬಹುದಾದ ಮುಖ.

ಅಕ್ಷರವೂ ನೆಟ್ಟಗಾಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಯುನಿಕೋಡು ಸರಿಯಾಗಿ ಕಂಡರೆ, ಕೆಳಗಿನ ಸೈಬರಿನಲ್ಲಿ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಬಿದ್ದಿತ್ತು. ಗೆಳತಿಯ ಕಾಲೇಜಿನ ಲ್ಯಾಬಿನಲ್ಲಿ ಸಾಲಾಗಿ ಖಾಲಿ ಚೌಕಗಳು. ಒಂದೇ ಲಿಂಕು ಮೂರು ಕಡೆ ಮೂರು ರೂಪ. ಇವುಗಳಲ್ಲಿ ಯಾವುದನ್ನು ಊರಾಚೆಯವರು ನೋಡುತ್ತಿದ್ದಾರೋ, ಹೇಗೆ ತಿಳಿಯುವುದು?

ಮೂರನೆಯ ದಿನ ಅಕ್ಕ ಮತ್ತೆ ಬಂದಳು. ಏನಾಯಿತು ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ಅಧ್ಯಕ್ಷರ ಮುಖ ಬಂದದ್ದು, ಅಂಗಿ ಬಂದದ್ದು, ಚೌಕಗಳು ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಅಂಗಾರೆ ಒಳಗ್ ಏನ್ ಬರ್ದಿದ್ರೂ ಜನ ಓದಲ್ವಾ?"

"ಲಿಂಕ್ ಒತ್ತಿ ಒಳಗೆ ಬಂದ್ರೆ ಓದಬಹುದು. ಯಾರೂ ಒತ್ತುತ್ತಿಲ್ಲ."

"ಯಾರ್ ಒತ್ತಾರು ಬುಡಿ. ನಮ್ಮ ಅಂಗನವಾಡಿಗೂ ಆಫೀಸರ್ ಬಂದ್ರೆ ಒಳಗೆ ಓಗಲ್ಲ. ಬಾಗ್ಲಲ್ಲೇ ನಿಂತ್ಕಂಡು ಏನ್ ಕಾಣ್ತದೋ ಅಷ್ಟೇ ಬರ್ಕೊಂಡೋಯ್ತಾರೆ. ಅದ್ಕೇ ನಾವು ಮಕ್ಕಳನ್ನ ಬಾಗ್ಲಲ್ಲೇ ಕೂರುಸ್ತೀವಿ. ನೀವೂ ಎಲ್ಲಾನೂ ಬಾಗ್ಲಿಗೇ ತನ್ನಿ."

ಮೂರು ದಿನದಿಂದ ನಾನು ಕೋಡಿನಲ್ಲಿ ತಲೆ ತೂರಿಸಿಕೊಂಡು ಕೂತಿದ್ದವಳು, ಒಂದು ಸಲವೂ ಇದನ್ನು ಯೋಚಿಸಿರಲಿಲ್ಲ. ಪುಟವನ್ನು ಚೆನ್ನಾಗಿ ಮಾಡುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ನಿಜವಾದ ಕೆಲಸ ಆ ಎರಡು ಬೆರಳಗಲದ ಚೌಕಟ್ಟು.

ಅವಳು ಪರದೆಯ ಮೇಲಿದ್ದ ಮುಖವನ್ನು ಬಗ್ಗಿ ನೋಡಿದಳು. "ಇವನು ನಮ್ ತಮ್ಮನೇಯಾ. ಆದ್ರೆ ಈಗ ಇಂಗಿಲ್ಲ ಕಣವ್ವಾ."

"ಅಂದ್ರೆ?"

"ಇದು ಬೀಳೋಕ್ ಮುಂಚಿನ್ದು. ಬಿದ್ದ್ ಮೇಲೆ ಕತ್ತು ಎಡಕ್ಕೆ ವಾಲೋಗದೆ. ಯಾವಾಗ್ಲೂ ಯಾರೋ ಏಳೋ ಮಾತ್ ಕೇಳುಸ್ಕತಾ ಇರೋ ಅಂಗೆ ನಿಂತಿರ್ತಾನೆ. ರೋಡಲ್ಲಿ ಕಂಡ್ರೆ ಜನಕ್ಕೆ ಮೊದ್ಲು ಕಾಣಾದು ಅದೇಯಾ."

ಬಿದ್ದ ಮೇಲಿನ ಫೋಟೋ ಯಾವುದಾದರೂ ಇದೆಯೇ ಎಂದು ಕೇಳಿದೆ. ಅಂಗವಿಕಲರ ಪ್ರಮಾಣಪತ್ರಕ್ಕೆ ಒಂದು ತೆಗೆಸಿದ್ದಳಂತೆ. ಆದರೆ ಅದರಲ್ಲಿ ಸ್ಟುಡಿಯೋದವನು ಗಲ್ಲ ಹಿಡಿದು ತಲೆ ನೆಟ್ಟಗೆ ಮಾಡಿ ತೆಗೆದಿದ್ದ. "ಎಷ್ಟ್ ಸಲ ನೆಟ್ಟಗ್ ಮಾಡುದ್ರೂ ವಾಲ್ತಿತ್ತು, ಆರೇಳು ತೆಗುದ್ರು ಪಾಪ" ಅಂದಳು.

ಆರೇಳು ತೆಗೆದಿದ್ದರೆ ಕೆಟ್ಟವು ಐದಾದರೂ ಇರಬೇಕಲ್ಲ! ಅಂಗಡಿಗೆ ಬೀಗ ಹಾಕಿ ಇಬ್ಬರೂ ಆ ಸ್ಟುಡಿಯೋಗೆ ಹೋದೆವು. ಫೋಟೋ ತೆಗೆಯುವವನು ಊಟಕ್ಕೆ ಹೋಗಿದ್ದ. ಬಂದವನು, "ವರ್ಷದ ಹಿಂದಿಂದು, ಎಲ್ಲಿ ಇರ್ತದೆ ಮೇಡಂ, ಜಾಗ ಸಾಲ್ದು ಅಂತ ಅಳಿಸಿಬುಡ್ತೀವಿ" ಎಂದು ರಾಗ ಎಳೆದ. ನಾನೇ ಅವನ ಕಂಪ್ಯೂಟರಿನ ಮುಂದೆ ಕೂತೆ. ಹೆಸರಿಲ್ಲದ ಫೋಲ್ಡರುಗಳು, ನಾಮಕರಣ, ಆರತಕ್ಷತೆ, ಪಾಸ್‌ಪೋರ್ಟ್ ಸೈಜು ಎಲ್ಲ ಕಲಸುಮೇಲೋಗರ. ಒಂದೂವರೆ ಗಂಟೆ ಹುಡುಕಿದ ಮೇಲೆ, ಅಕ್ಕ ಹಿಂದಿನಿಂದ ನನ್ನ ಭುಜ ಹಿಡಿದಳು. ಪರದೆಯ ಮೇಲೆ, ಸ್ಟುಡಿಯೋದ ನೀಲಿ ಬಟ್ಟೆಯ ಮುಂದೆ, ತಲೆ ಎಡಕ್ಕೆ ವಾಲಿಸಿ, ಅರ್ಧ ನಗುತ್ತಾ ಒಬ್ಬ ಮನುಷ್ಯ ನಮ್ಮನ್ನೇ ನೋಡುತ್ತಿದ್ದ. ಹುಬ್ಬಿನ ಮೇಲಿನ ಗಾಯದ ಗೆರೆ ಸ್ಪಷ್ಟವಾಗಿತ್ತು. ಕೆಟ್ಟುಹೋಗಿದೆ ಎಂದು ಬಿಟ್ಟಿದ್ದ ಫೋಟೋ ಅದು.

ಇನ್ನು ಉಳಿದದ್ದು ಅಧ್ಯಕ್ಷರು. ಮರುದಿನ ಬೆಳಗ್ಗೆ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ಗಿರಣಿಯಲ್ಲಿ ತೌಡಿನ ಧೂಳಿನ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಯಂತ್ರದ ಸದ್ದಿಗೆ ಇಬ್ಬರೂ ಕಿರುಚಿಯೇ ಮಾತಾಡಬೇಕಾಯಿತು.

"ತೆಗ್ದಾ?"

"ಇಲ್ಲ ಸರ್. ಆ ಮನುಷ್ಯ ಇನ್ನೂ ಸಿಕ್ಕಿಲ್ಲ. ನೋಟಿಸು ಇರ್ಲಿ. ಆ ಒಂದು ಪುಟದಲ್ಲಿ ಮಾತ್ರ ನಿಮ್ಮ ಫೋಟೋ ತೆಗೆದುಬಿಡ್ತೀನಿ, ಆಮೇಲೆ ಗೊಂದಲ ಇರಲ್ಲ."

ಅವರ ಮುಖ ಕೆಂಪಾಯಿತು. "ನಾನ್ ಹೇಳಿದ್ದು ಏನು, ನೀನ್ ಮಾಡೋದು ಏನು? ನೋಟಿಸ್ ತೆಗಿ ಅಂದ್ರೆ ನನ್ನನ್ನೇ ತೆಗೀತೀನಿ ಅಂತೀಯಲ್ಲಮ್ಮ! ಸಂಘದ ವೆಬ್‌ಸೈಟು ಏನು ಪೊಲೀಸ್ ಸ್ಟೇಷನ್ನಾ? ಕಮಿಟಿ ಒಪ್ಪಿದೆಯಾ?"

"ಕಮಿಟಿ ಸೇರೋದು ಮುಂದಿನ ತಿಂಗಳು ಸರ್. ಅವನಿಗೆ ಮೂರ್ಛೆ ಬರುತ್ತೆ. ಮಾತ್ರೆ ಇಲ್ಲ."

ಕೆಟ್ಟ ಮನುಷ್ಯ ಅಲ್ಲ ಅವರು. ಆದರೆ ಎರಡು ದಿನ ಬಂದವರಿಗೆಲ್ಲ 'ನಾನು ಇದ್ದೀನಿ' ಎಂದು ಹೇಳಿ ಹೇಳಿ ಸಾಕಾಗಿತ್ತು. "ನನ್ನ ಹೆಂಡ್ತಿ ಎಷ್ಟು ಹೆದ್ರವ್ಳೆ ನಿಂಗ್ ಗೊತ್ತಿಲ್ಲ. ನಮ್ಮ ಸೈಟಲ್ಲಿ ಅದು ಬೇಡ. ಇನ್ ಮಾತು ಬೇಡ" ಎಂದು ಎದ್ದುಬಿಟ್ಟರು.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕುದ್ದೆ. ಅಧ್ಯಕ್ಷರ ಮೇಲೆ, ಆ ತಾಣದ ಮೇಲೆ, ಕರೆಂಟಿನವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಒಳಗೆ ಹೋಗಿ ಓದದೆ 'ದೇವರು ಕಾಪಾಡಲಿ' ಎಂದು ಬರೆದವರ ಮೇಲೆ. ನಂಜನಗೂಡು ಬರುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಸಂಘದ ಸೈಟಿನಿಂದ ನೋಟಿಸು ತೆಗೆಯುವುದು. ಅವರ ಮಾತು ನಡೆಯಲಿ. ಪುಕ್ಕಟೆ ಜಾಗ ಕೊಡುವ ಬೇರೆ ಕಡೆ, ನನ್ನ ಸ್ವಂತ ಹೆಸರಿನಲ್ಲಿ, ಆ ಮನುಷ್ಯನಿಗಾಗಿಯೇ ಒಂದು ಪುಟ ಮಾಡುವುದು. ಅಧ್ಯಕ್ಷರಿಲ್ಲ, ಸಂಘದ ಲಾಂಛನವಿಲ್ಲ, ಮೇಲಂಚು ಕೆಳಂಚು ಇಲ್ಲ. ಆ ತಾಣ ಎಲ್ಲಿಂದ ಹುಡುಕಿದರೂ ಸಿಗುವುದು ಒಂದೇ ಮುಖ.

ಹಾಗೆಯೇ ಮಾಡಿದೆ. ಫೋಟೋವನ್ನು ಚೌಕಾಕಾರಕ್ಕೆ ಕತ್ತರಿಸಿದೆ. ವಾಲಿದ ತಲೆ, ಒಂದು ಭುಜ, ಅಷ್ಟೇ. ಬರಹದ ವಿಷಯದಲ್ಲಿ ಮನಸ್ಸು ಒಪ್ಪದೆ ಬಹಳ ಹೊತ್ತು ಕೂತಿದ್ದೆ. ಹತ್ತು ವರ್ಷ ಕನ್ನಡ ಜೋಡಿಸಿಯೇ ಅನ್ನ ತಿಂದವಳು ನಾನು. ಆದರೂ ಖಾಲಿ ಚೌಕಗಳನ್ನು ಯಾರೂ ಓದಲಾರರು. ಕೊನೆಗೆ ತಲೆಬರಹದ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದೆ: ನಂಜನಗೂಡಿನಿಂದ ಕಾಣೆ, ಮಾತು ತೊದಲು, ಕತ್ತು ಎಡಕ್ಕೆ. ಅದರ ಬೆನ್ನಿಗೇ ಫೋನ್ ನಂಬರು. ನಂಬರು ಹಾಗೆ ಬಾಗಿಲಲ್ಲೇ ಹಾಕಿದರೆ ಕಂಡಕಂಡವರೆಲ್ಲ ಫೋನ್ ಮಾಡುತ್ತಾರೆ, ಯೋಚಿಸಿ ಎಂದು ಅಕ್ಕನಿಗೆ ಹೇಳಿದ್ದೆ. "ಮಾಡ್ಲಿ. ನಂದೇನ್ ಓಯ್ತದೆ" ಅಂದಿದ್ದಳು.

ಈ ಸಲ ಅಂಟಿಸುವ ಮೊದಲು ಎಲ್ಲ ಕಡೆ ಪರೀಕ್ಷೆ ಮಾಡಿದೆ. ನನ್ನದೇ ಒಂದು ಖಾತೆ ತೆರೆದು ಪ್ರಶ್ನೆಚಿಹ್ನೆ ಹಾಕಿ ಹಾಕಿ ನೋಡಿದೆ. ಸೈಬರಿನ ಮೂರು ಕಂಪ್ಯೂಟರಿನಲ್ಲಿ ನೋಡಿದೆ. ಒಂದರಲ್ಲಿ ತಲೆಬರಹದ ಕೊನೆ ತುಂಡಾಗಿ ನಂಬರಿನ ಎರಡು ಅಂಕಿ ಹಾರಿಹೋಗಿತ್ತು. ನಂಬರನ್ನು ಮುಂದಕ್ಕೆ ತಂದೆ. ಗೆಳತಿ ಲ್ಯಾಬಿನಿಂದ ಒಂದೊಂದು ಅಕ್ಷರವನ್ನೂ ಫೋನಿನಲ್ಲಿ ಓದಿ ಹೇಳಿದಳು. ಮುಖ ಕಾಣುತ್ತಿದೆಯಾ ಎಂದು ನಾಲ್ಕು ಸಲ ಕೇಳಿದ್ದಕ್ಕೆ, "ಕಾಣ್ತಿದೆ ಕಣೇ, ನನ್ನನ್ನೇ ನೋಡ್ತಿದ್ದಾರೆ" ಅಂದಳು. ಆಮೇಲಷ್ಟೇ ಪ್ರಶ್ನೆಚಿಹ್ನೆ ಇಲ್ಲದ ಶುದ್ಧ ವಿಳಾಸವನ್ನು ಎಲ್ಲರಿಗೂ ಕೊಟ್ಟೆವು. ಹಳೆಯದನ್ನು ಹಂಚಿದ್ದವರನ್ನೆಲ್ಲ ಗೆಳತಿ ಒಬ್ಬೊಬ್ಬರನ್ನೇ ಹಿಡಿದು, ಅದನ್ನು ಅಳಿಸಿ ಇದನ್ನು ಹಾಕಿ ಎಂದು ಕೇಳಿಕೊಂಡಳು. ಅರ್ಧ ಜನ ಮಾತು ಕೇಳಿದರು.

ಫೋನುಗಳು ಬಂದವು. ಬಹುಮಾನ ಎಷ್ಟು ಎಂದು ಒಬ್ಬ ಕೇಳಿದ. ಇನ್ನೊಬ್ಬ ಏನೂ ಮಾತಾಡದೆ ಹಾಡು ಹಾಕಿ ಕೇಳಿಸಿದ. ಕೊಳ್ಳೇಗಾಲದಲ್ಲಿ ನೋಡಿದೆ ಎಂದು ಯಾರೋ ಹೇಳಿದ್ದಕ್ಕೆ ಅಕ್ಕ ಕೆಲಸಕ್ಕೆ ರಜೆ ಹಾಕಿ ಓಡಿದಳು. ಅಲ್ಲಿದ್ದವನು ಇಪ್ಪತ್ತೈದರ ಹುಡುಗ. ವಾಪಸ್ಸು ಬಂದು ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿದು ಎದ್ದು ಹೋದಳು. ಅವತ್ತು ನನಗೆ, ಸುಮ್ಮನೆ ಅವಳಿಗೆ ಆಸೆ ಹುಟ್ಟಿಸಿ ಅಲೆಸುತ್ತಿದ್ದೀನೇನೋ ಅನ್ನಿಸಿತು. ಪುಟಕ್ಕೆ ಎಷ್ಟು ಜನ ಬಂದರು ಅನ್ನುವ ಎಣಿಕೆ ದಿನವೂ ನೋಡುತ್ತಿದ್ದೆ. ಅದು ಮೇಲೇಳಲೇ ಇಲ್ಲ.

ಅವನು ಹೋಗಿ ಒಂದು ತಿಂಗಳು ದಾಟಿದ ಮೇಲೆ ಅರಸೀಕೆರೆಯಿಂದ ಒಂದು ಫೋನು. ನರಸೀಪುರ ಕಡೆಯ ಹುಡುಗಿ. ಅಲ್ಲಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ರೈಲ್ವೆ ಸ್ಟೇಷನ್ನಿನ ಹೊರಗಿನ ಟೀ ಅಂಗಡಿಯ ಮುಂದೆ ಒಬ್ಬರು ದಿನಾ ಕಸ ಗುಡಿಸುತ್ತಾರೆ, ಕತ್ತು ವಾಲಿದೆ, ಒಂದು ಸಲ ಫಿಟ್ಸ್ ಬಂದು ನಮ್ಮ ಆಸ್ಪತ್ರೆಗೇ ತಂದಿದ್ದರು, ಹೆಸರು ಕೇಳಿದರೆ ನಗುತ್ತಾರೆ ಅಂದಳಂತೆ. ಅಕ್ಕ ಅವತ್ತೇ ಹೊರಟಳು.

ಮೂರನೆಯ ದಿನ ಆ ತಮ್ಮನನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಬಂದಳು. ತೆಳ್ಳಗಾಗಿದ್ದ. ಗಡ್ಡ ಬೋಳಿಸಿ ಹೊಸ ಅಂಗಿ ತೊಡಿಸಿದ್ದಳು. ಬಾಗಿಲಲ್ಲಿ ನಿಂತು, ನಾನು ಏನೋ ಹೇಳುತ್ತಿದ್ದೇನೆ ಅನ್ನುವ ಹಾಗೆ ತಲೆ ವಾಲಿಸಿ ನೋಡಿದ. ನಾನು ಆ ಮುಖವನ್ನು ಎಷ್ಟು ಸಲ ಕತ್ತರಿಸಿದ್ದೆ, ಎಷ್ಟು ಸಲ ಏರಿಸಿದ್ದೆ! ಎದುರಿಗೆ ನಿಂತಾಗ, ಟೀ ತರಿಸಲಾ ಅಂದೆ.

"ನನ್ನ ಕಂಡ್ನಲ್ಲ," ಅಂದಳು ಅಕ್ಕ, "ಪೊರಕೆ ಕೆಳಕ್ಕಾಕಿ, 'ಬಸ್ಸು ತಡ ಆಯ್ತಲ್ಲಕ್ಕ' ಅಂದ." ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಅರಸೀಕೆರೆ ಆಸ್ಪತ್ರೆಯ ಆ ಹುಡುಗಿಗೆ ನಾನೇ ಫೋನ್ ಮಾಡಿ ಮಾತಾಡಿದೆ. ಧನ್ಯವಾದ ಹೇಳಿ, ಪುಟ ಓದಿ ಗುರುತು ಸಿಕ್ಕಿತಾ ಎಂದು ಕೇಳಿದೆ.

"ಪುಟನಾ? ನಾನು ಒಳಗೆ ಹೋಗ್ಲೇ ಇಲ್ಲ ಮೇಡಂ. ಆಸ್ಪತ್ರೆ ಆಫೀಸಲ್ಲಿ ಐದು ನಿಮಿಷ ಕಂಪ್ಯೂಟರ್ ಸಿಕ್ತು. ತಲೆ ಹಂಗೆ ಮಾಡ್ಕೊಂಡಿರೋ ಫೋಟೋ ಕಾಣ್ತು, ನಂಬರ್ ಕಾಣ್ತು. ಬರ್ಕೊಂಡೆ."

ಫೋನ್ ಇಟ್ಟು ನಕ್ಕೆ. ಆ ಪುಟದ ಒಳಗೆ ಎತ್ತರ, ಮೈಬಣ್ಣ, ಬಟ್ಟೆ ಎಲ್ಲವನ್ನೂ ಎರಡೆರಡು ಸಲ ತಿದ್ದಿ ಜೋಡಿಸಿದ್ದೆ.

ಅಧ್ಯಕ್ಷರೂ ಫೋನ್ ಮಾಡಿದರು. "ಸಿಕ್ಕುದ್ನಂತೆ?" ಎಂದು ಕೇಳಿದರು. ಹೂಂ ಅಂದೆ. "ಒಳ್ಳೇದಾಯ್ತು" ಅಂದರು. ಆಮೇಲೆ, "ಆ ಸೈಟಿನ ಮೇಲಿರೋ ನನ್ನ ಫೋಟೋ ಒಸಿ ಸಣ್ಣದು ಮಾಡಮ್ಮ" ಅಂದರು. ಮಾಡಿದೆ.

ಕೆಲಸ ಮುಗಿಯಿತು ಅಂದುಕೊಂಡು ಪುಟದ ತಲೆಬರಹವನ್ನು 'ಸಿಕ್ಕಿದ್ದಾರೆ' ಎಂದು ಬದಲಿಸಿದೆ. ಸಹಾಯ ಮಾಡಿದವರಿಗೆಲ್ಲ ನಮಸ್ಕಾರ ಎಂದು ಕೆಳಗೆ ಬರೆದೆ. ಆದರೆ ಆ ತಾಣ ಮತ್ತೆ ಬಂದು ನೋಡಬೇಕಲ್ಲ! ಹಂಚಿದವರ ಖಾತೆಗಳಲ್ಲೆಲ್ಲ ಅವನು ಕಾಣೆಯಾಗಿಯೇ ಉಳಿದ. ಪುಟವನ್ನೇ ಅಳಿಸಿದೆ. ಆಗಲೂ ಮುಖ, ಗುರುತು, ನಂಬರು ಅಲ್ಲೇ ಇದ್ದವು. ಹಂಚಿದವರು ಹಂಚುತ್ತಲೇ ಹೋದರು. ಗೆಳತಿ ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ; ನಮಗೆ ಗೊತ್ತೇ ಇಲ್ಲದವರ ಕೈಗೆ ಅದು ಹೋಗಿಬಿಟ್ಟಿತ್ತು. ಅಕ್ಕನಿಗೆ ತಿಂಗಳುಗಟ್ಟಲೆ ಫೋನು ಬರುತ್ತಲೇ ಇತ್ತು. ನಂಬರು ಬದಲಾಯಿಸಿಕೊಳ್ಳಿ ಎಂದು ನಾನೇ ಹೇಳಿದೆ. ಅವಳು ಬದಲಾಯಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅಂಗನವಾಡಿಯ ಯಾವುದೋ ಪಟ್ಟಿ ಹೊಡೆಸಲು ಅಂಗಡಿಗೆ ಬಂದು ಕೂತಿದ್ದಳು. ಫೋನ್ ಬಂತು. ಎತ್ತಿಕೊಂಡಳು. ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ನನಗೂ ಕೇಳಿಸಿತು. ಕಾಣೆಯಾದವರನ್ನು ನೋಡಿದ್ದೇನೆ, ಇಲ್ಲೇ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ, ಕತ್ತು ವಾಲಿದೆ, ಕೈಯಲ್ಲಿ ಚೀಲ ಇದೆ, ಬೇಗ ಬನ್ನಿ, ನಾನು ಹಿಡಿದಿಟ್ಟುಕೊಂಡಿರುತ್ತೇನೆ ಅನ್ನುತ್ತಿದ್ದ ಯಾರೋ ಒಬ್ಬ.

"ಊಂ ಕಣಪ್ಪಾ, ಅವನೇಯಾ" ಅಂದಳು ಅಕ್ಕ. "ಸೊಪ್ಪು ತತ್ತಾ ಅಂತ ನಾನೇ ಕಳ್ಸಿವ್ನಿ. ಇಡ್ಕಬೇಡ, ಎದ್ರುಕೋತಾನೆ. ಸುಮ್ನೆ ಅಲ್ಲೇ ನಿಂತಿರು. ಕಳಲೆ ಬಸ್ಸು ಬಂದ್ಮೇಲೆ ಅದ್ನ ಅತ್ತುದ್ನಾ ಅಂತ ಒಸಿ ನೋಡ್ಬುಟ್ಟು ಓಗಪ್ಪ, ಪುಣ್ಯ ಬತ್ತದೆ."